ಕಡಿದಾದ ಜಾಗ ಎಷ್ಟು ಹೆಕ್ಟೇರು? ಒಂದು ಅಕೇಶಿಯಾ ತೋಪಿನ ಲೆಕ್ಕ

ಪತ್ರದಲ್ಲಿದ್ದದ್ದು ಒಂದೇ ಸಾಲು. "25ಕ್ಕಿಂತ ಹೆಚ್ಚಿನ ಇಳಿಜಾರು ಇರುವ ವಿಸ್ತೀರ್ಣವನ್ನು ನೆಡುತೋಪುವಾರು ಲೆಕ್ಕ ಹಾಕಿ ಸಲ್ಲಿಸುವುದು." ಅದರ ಜೊತೆಗೆ ಆರು ತೋಪುಗಳ ಗಡಿ ಇರುವ ಒಂದು ಶೇಪ್‌ಫೈಲು (ಕಂಪ್ಯೂಟರ್ ನಕ್ಷೆಯ ಕಡತ), ಮತ್ತು ಹೆಕ್ಟೇರು ತುಂಬಲು ಆರು ಚೌಕಗಳಿದ್ದ ಒಂದು ನಮೂನೆ.

ಜಾಗ ಮಲೆನಾಡಿನಲ್ಲಿ, ಘಟ್ಟದ ಅಂಚಿಗೆ ಹತ್ತಿರದ ಒಂದು ಅರಣ್ಯ ವಲಯ. ವಲಯದ ಹೆಸರು ಇಲ್ಲಿ ಬೇಡ. ಅಂಕಿಗಳನ್ನೂ ಓದಲು ಸಲೀಸಾಗುವ ಹಾಗೆ ಅಲ್ಪಸ್ವಲ್ಪ ದುಂಡಾಗಿಸಿದ್ದೇನೆ. ಆರು ತೋಪುಗಳಲ್ಲಿ ನಾಲ್ಕನೆಯದನ್ನು ಮಾತ್ರ ಪೂರ್ತಿ ಬಿಡಿಸಿ ಹೇಳುತ್ತೇನೆ. ತಲೆ ತಿಂದದ್ದು ಅದೇ.

ಈ ಲೆಕ್ಕ ಯಾಕೆ ಬೇಕಾಗಿತ್ತೆಂದರೆ, ವಯಸ್ಸಾದ ಅಕೇಶಿಯಾ ತೆಗೆದು ಅಲ್ಲಿ ಹೊನ್ನೆ, ಮತ್ತಿ, ನೇರಳೆ, ಹಲಸಿನಂಥ ಊರಿನ ಮರಗಳನ್ನು ಕೂರಿಸುವ ಯೋಜನೆ ಇತ್ತು. ನೆಡುವ ಮೊದಲು ಇಳಿಜಾರಿಗೆ ಅಡ್ಡಲಾಗಿ ಟ್ರೆಂಚ್ ಹೊಡೆದು ಮಳೆನೀರು ಇಂಗಿಸಬೇಕು. ಕಡಿದಾದ ಜಾಗದಲ್ಲಿ ಮಾತ್ರ ಮರವನ್ನೂ ಮುಟ್ಟಬಾರದು, ಮಣ್ಣನ್ನೂ ಕೆದಕಬಾರದು. ಸಾಧಾರಣ ಇಳಿಜಾರಿನಲ್ಲಿ ಟ್ರೆಂಚಿನ ನೀರು ಇಂಗಿದರೆ ಒಳ್ಳೆಯದು. ಕಡಿದಾದ ಕಡೆ ಅದೇ ನೀರು ಮಣ್ಣಿನ ತೂಕ ಹೆಚ್ಚಿಸಿ, ಕಣಕಣದ ನಡುವಿನ ಹಿಡಿತ ಸಡಿಲಿಸಿ, ಇಡೀ ಪದರವನ್ನೇ ಕೆಳಕ್ಕೆ ಜಾರಿಸಬಲ್ಲದು. 2018ರ ಆಗಸ್ಟಿನ ಕೊಡಗು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಕಂಡ ಮೇಲೆ, ಗುಡ್ಡದ ಮೇಲೆ ಗುದ್ದಲಿ ಇಡುವ ಮೊದಲು ಯಾವ ಅಧಿಕಾರಿಯಾದರೂ ಒಂದು ಕಾಗದ ಕೈಯಲ್ಲಿ ಇಟ್ಟುಕೊಳ್ಳಲು ನೋಡುತ್ತಾನೆ. ಆ ಕಾಗದ ತಯಾರಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು.

25 ಎಂದರೆ ಯಾವ 25?

ಮೊದಲ ತೊಡಕು ಕಂಪ್ಯೂಟರ್ ತೆರೆಯುವ ಮುಂಚೆಯೇ ಇತ್ತು. ಪತ್ರದಲ್ಲಿ 25 ಇದೆ, ಅದರ ಮುಂದೆ ಏನೂ ಇಲ್ಲ. ಡಿಗ್ರಿಯೋ, ಶೇಕಡವೋ?

ಇದು ಅಕ್ಷರದೋಷ ಹಿಡಿಯುವ ಚಪಲ ಅಲ್ಲ. ಶೇಕಡಾ 25ರ ಇಳಿಜಾರು ಎಂದರೆ ನೂರು ಮೀಟರ್ ಮುಂದೆ ಹೋದರೆ 25 ಮೀಟರ್ ಇಳಿತ, ಅಂದರೆ 14 ಡಿಗ್ರಿ. 25 ಡಿಗ್ರಿ ಎಂದರೆ ಶೇಕಡಾ 46.6. ಶೇಕಡಾ 100 ಎಂದರೆ ಗೋಡೆಯಂತೆ ನೆಟ್ಟಗೆ ಎಂದು ತಿಳಿದವರು ಬಹಳ ಮಂದಿ ಇದ್ದಾರೆ, ಅದು ಬರೀ 45 ಡಿಗ್ರಿ. ಮಣ್ಣು ಸಂರಕ್ಷಣೆಯವರ ಮಾತೆಲ್ಲ ಶೇಕಡಾದಲ್ಲಿ. ರಸ್ತೆ ಎಂಜಿನಿಯರರದ್ದೂ ಹಾಗೆಯೇ, ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ವರ್ಗೀಕರಣದಲ್ಲಿ ಅಡ್ಡ ಇಳಿಜಾರು ಶೇಕಡಾ 60 ದಾಟಿದರೆ ಮಾತ್ರ 'ಕಡಿದಾದ' ನೆಲ, ಅಂದರೆ 31 ಡಿಗ್ರಿ. ಭೂಕುಸಿತದ ವರದಿಗಳು ಡಿಗ್ರಿಯಲ್ಲಿ ಮಾತಾಡುತ್ತವೆ. ನಾಲ್ಕನೇ ತೋಪು 36 ಹೆಕ್ಟೇರಿನದು. ಶೇಕಡಾ ಎಂದುಕೊಂಡರೆ ಅದರಲ್ಲಿ 23 ಹೆಕ್ಟೇರು ಕಡಿದಾದದ್ದಾಗಿ, ಯೋಜನೆಯೇ ಮುಗಿದಂತೆ. ಡಿಗ್ರಿ ಎಂದುಕೊಂಡರೆ ಐದಾರು ಹೆಕ್ಟೇರು.

ಪತ್ರ ಕಳಿಸಿದ ಕಚೇರಿಗೆ ಫೋನು ಮಾಡಿದೆ. ಸಾಹೇಬರು ಕ್ಷಣ ಸುಮ್ಮನಿದ್ದು, "ಡಿಗ್ರಿನೇ ಇರ್ಬೇಕಲ್ರೀ, ಹಿಂದಿನ ಪತ್ರದಲ್ಲೂ ಹಾಗೇ ಇತ್ತು" ಎಂದರು. ಹಿಂದಿನ ಪತ್ರದಲ್ಲೂ ಬರೀ 25 ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಡಿಗ್ರಿ ಎಂದು ಲಿಖಿತವಾಗಿ ತರಿಸಿಕೊಂಡೇ ಮುಂದುವರಿದೆವು.

ಮೊದಲ ಉತ್ತರ: ಸೊನ್ನೆ

ನನ್ನ ಜೊತೆ ಕೆಲಸ ಮಾಡುವ ಹುಡುಗ ಚುರುಕು. ಮಧ್ಯಾಹ್ನದ ಊಟಕ್ಕೆ ಮುಂಚೆ ಒಂದು ಪಟ್ಟಿ ತಂದ. ಆರೂ ತೋಪುಗಳ ಸರಾಸರಿ ಇಳಿಜಾರು ಅದರಲ್ಲಿತ್ತು, ನಾಲ್ಕನೆಯದರದ್ದು 17 ಡಿಗ್ರಿ. "ಯಾವ ತೋಪೂ 25 ದಾಟಿಲ್ಲ ಸರ್, ಎಲ್ಲ ಕಡೆ ಸೊನ್ನೆ ಬರೀಬಹುದು."

ಅಡಿಯಿಂದ ಮುಡಿಯವರೆಗೆ ಒಂದೇ ಸಮನೆ 17 ಡಿಗ್ರಿ ಇಳಿಯುವ ಗುಡ್ಡವನ್ನು ಮಲೆನಾಡಿನಲ್ಲಿ ನಾನಂತೂ ಕಂಡಿಲ್ಲ. ಮೇಲೆ ಚಪ್ಪಟೆ ನೆತ್ತಿ, ನಡುವೆ ಜಾರು, ಕೆಳಗೆ ಹಳ್ಳದ ಹತ್ತಿರ ದರೆ, ಅಂದರೆ ಕಡಿದಾದ ದಂಡೆ: ಮೂರನ್ನೂ ಕಲಸಿದರೆ ಬರುವ 17 ನೆಲದ ಮೇಲೆ ಎಲ್ಲೂ ಇಲ್ಲದಿರಬಹುದು. ಎತ್ತರದ ಕಡತ ಎಂದರೆ ನೆಲವನ್ನು ಸಣ್ಣ ಚೌಕಗಳಾಗಿ ಹಂಚಿ ಒಂದೊಂದಕ್ಕೂ ಎತ್ತರ ಬರೆದಿಟ್ಟ ಕಂಪ್ಯೂಟರ್ ಕಡತ. ಬೇಕಾದದ್ದು ತೋಪಿನ ಒಳಗೆ 25 ದಾಟಿದ ಚೌಕಗಳನ್ನು ಒಂದೊಂದಾಗಿ ಎಣಿಸಿದ ಲೆಕ್ಕ.

ಇಷ್ಟು ಹೇಳಿದ್ದಕ್ಕೆ ಆತ ಮತ್ತೆ ಕೂತು ಇನ್ನೊಂದು ನಕ್ಷೆ ತಂದ. ಆರೂ ತೋಪು ಕಡುಗೆಂಪು. ಇಡೀ ವಲಯವೇ 89 ಡಿಗ್ರಿ! ಇಬ್ಬರೂ ನಕ್ಕೆವು. ಇದು ಈ ಕಸುಬಿಗೆ ಬಂದ ಎಲ್ಲರೂ ಒಮ್ಮೆ ಮಾಡುವ ತಪ್ಪು. ಇಳಿಸಿಕೊಂಡ ಎತ್ತರದ ಕಡತದಲ್ಲಿ ಎತ್ತರ ಮೀಟರಿನಲ್ಲಿದ್ದರೆ ಉದ್ದಗಲ ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿರುತ್ತದೆ. ಪಕ್ಕದ ಚೌಕಕ್ಕೆ ಇರುವ ದೂರ 0.00028, ಇಳಿತ 8 ಮೀಟರ್ ಎಂದು ಓದಿಕೊಂಡ ತಂತ್ರಾಂಶಕ್ಕೆ ಕಾಣುವುದು ನೆಟ್ಟಗಿನ ಗೋಡೆ. ಮೊದಲು ಕಡತವನ್ನು ಮೀಟರಿನ ಅಳತೆಗೆ ತರಬೇಕು. ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಕ್ರಮದಲ್ಲಿ ನಮ್ಮ ಘಟ್ಟಸೀಮೆಗೆ 43 ಉತ್ತರ ವಲಯ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643.

ಹೀಗೆ ತರುವಾಗ ಹತ್ತಿರದ ಚೌಕದ ಬೆಲೆಯನ್ನು ಹಾಗೇ ಎತ್ತಿಕೊಳ್ಳುವ ವಿಧಾನ ಇಟ್ಟರೆ ಎತ್ತರದಲ್ಲಿ ಸಣ್ಣ ಸಣ್ಣ ಮೆಟ್ಟಿಲು ಏಳುತ್ತವೆ, ಇಳಿಜಾರಿನ ನಕ್ಷೆಯಲ್ಲಿ ಅವು ಸೀರೆಯ ಪಟ್ಟೆಗಳ ಹಾಗೆ ಸಾಲಾಗಿ ಕಾಣುತ್ತವೆ. ಸುತ್ತಲಿನ ಚೌಕಗಳನ್ನು ಬೆರೆಸಿ ಬೆಲೆ ಕಟ್ಟುವ ಬೈಲೀನಿಯರ್ ಅಥವಾ ಕ್ಯೂಬಿಕ್ ವಿಧಾನ ಬಳಸಬೇಕು. ಕೆಲವರು ಡಿಗ್ರಿಯ ಕಡತದಲ್ಲೇ, ಒಂದು ಡಿಗ್ರಿಗೆ ಇಷ್ಟು ಮೀಟರ್ ಎಂದು, 111120 ಎಂಬ ಗುಣಕ ಹಾಕಿ ಇಳಿಜಾರು ತೆಗೆಯುತ್ತಾರೆ. 14 ಡಿಗ್ರಿ ಅಕ್ಷಾಂಶದಲ್ಲಿ ಒಂದು ಆರ್ಕ್ ಸೆಕೆಂಡಿನ (ಡಿಗ್ರಿಯ 3600ರಲ್ಲಿ ಒಂದು ಪಾಲಿನ) ಚೌಕ ತೆಂಕುಬಡಗಾಗಿ 30.7 ಮೀಟರ್, ಮೂಡುಪಡುವಾಗಿ ಸರಿಸುಮಾರು 30 ಮೀಟರ್ ಇರುವುದರಿಂದ ನಮ್ಮಲ್ಲಿ ಅದರಿಂದ ದೊಡ್ಡ ಅನಾಹುತ ಆಗದು. ಹಿಮಾಲಯದ ಕಡೆಗೆ ಹೋದಷ್ಟೂ ಅದು ಕೈಕೊಡುತ್ತದೆ.

ಇಬ್ಬರು ಸಾಕ್ಷಿಗಳು, ಒಂದೇ ಬಾಯಿ

ಈಗ ಸರಿಯಾದ ಎಣಿಕೆ ಬಂತು. ಗಗನನೌಕೆಯಿಂದ ರೇಡಾರಿನಲ್ಲಿ ಅಳೆದ ಎಸ್‌ಆರ್‌ಟಿಎಂ ಎಂಬ ಎತ್ತರದ ಕಡತದಲ್ಲಿ ನಾಲ್ಕನೇ ತೋಪಿನೊಳಗೆ 30 ಮೀಟರಿನ 400 ಚೌಕಗಳು, ಅದರಲ್ಲಿ 41 ಚೌಕ 25 ಡಿಗ್ರಿಗಿಂತ ಮೇಲೆ. ಒಂದು ಚೌಕ 900 ಚದರ ಮೀಟರ್, 41ಕ್ಕೆ 3.69 ಹೆಕ್ಟೇರು.

ಹುಡುಗ ಅಲ್ಲಿಗೇ ನಿಲ್ಲಲಿಲ್ಲ. ಎಲ್ಲೋ ಓದಿ, ಆಲೋಸ್ ಪಾಲ್ಸಾರ್ ಉಪಗ್ರಹದ್ದೆಂದು ಸಿಗುವ 12.5 ಮೀಟರಿನ ಎತ್ತರದ ಕಡತವನ್ನೂ ಇಳಿಸಿಕೊಂಡು ಎಣಿಸಿದ. 3.9 ಹೆಕ್ಟೇರು ಬಂತು. "ಎರಡು ಬೇರೆ ಬೇರೆ ಉಪಗ್ರಹ, ಎರಡೂ ಹತ್ತಿರ ಹತ್ತಿರ ಅಂತಿವೆ ಸರ್. ಇನ್ನೇನು ಬೇಕು?"

ಇಲ್ಲಿ ಕೊಂಚ ನಿಲ್ಲುತ್ತೇನೆ, ಯಾಕೆಂದರೆ ಈ ತಪ್ಪು ಪ್ರಬಂಧಗಳಲ್ಲೂ ವರದಿಗಳಲ್ಲೂ ಧಾರಾಳವಾಗಿ ಓಡಾಡುತ್ತಿದೆ. ಆ 12.5 ಮೀಟರಿನ ಕಡತ ಪಾಲ್ಸಾರ್ ಅಳೆದ ಎತ್ತರವೇ ಅಲ್ಲ. ಪಾಲ್ಸಾರ್ ರೇಡಾರ್ ಚಿತ್ರದಲ್ಲಿ ಗುಡ್ಡಗಳಿಂದಾಗುವ ವಕ್ರತೆ ತಿದ್ದಲು ಒಂದು ಎತ್ತರದ ಕಡತ ಬೇಕಾಗುತ್ತದೆ. ನಮ್ಮ ಭಾಗಕ್ಕೆ ಅದಕ್ಕಾಗಿ ಬಳಸಿದ್ದು ಎಸ್‌ಆರ್‌ಟಿಎಂ ಅನ್ನೇ, 12.5 ಮೀಟರಿನ ಚೌಕಗಳಿಗೆ ಹಿಗ್ಗಿಸಿ. ಚಿತ್ರದ ಜೊತೆ ಅದನ್ನೂ ಕಟ್ಟಿ ಕೊಡುತ್ತಾರೆ. ಚಿಕ್ಕ ಫೋಟೋವನ್ನು ದೊಡ್ಡದಾಗಿ ಮುದ್ರಿಸಿದ ಮಾತ್ರಕ್ಕೆ ಅದರಲ್ಲಿ ಕಾಣದಿದ್ದ ಮುಖ ಕಾಣುವುದಿಲ್ಲವಲ್ಲ. ಎರಡು ಲೆಕ್ಕ ಒಂದಕ್ಕೊಂದು ಹೊಂದಿದ್ದು ಎರಡೂ ಸರಿ ಎಂಬುದಕ್ಕಲ್ಲ, ಒಬ್ಬನೇ ಸಾಕ್ಷಿ ಬೇರೆ ಅಂಗಿ ತೊಟ್ಟು ಎರಡು ಸಲ ಕಟಕಟೆ ಹತ್ತಿದ್ದಕ್ಕೆ.

ನಿಜವಾಗಿ ಬೇರೆಯಾದ ಸಾಕ್ಷಿ ಬೇಕಾಗಿತ್ತು. ಯುರೋಪಿನ ಕೋಪರ್ನಿಕಸ್ ಕಾರ್ಯಕ್ರಮದ 30 ಮೀಟರಿನ ಎತ್ತರದ ಕಡತ ತೆಗೆದುಕೊಂಡೆವು. ಅದು ಜರ್ಮನಿಯ ಟ್ಯಾಂಡೆಮ್-ಎಕ್ಸ್ ಜೋಡಿ ಉಪಗ್ರಹಗಳು 2011ರಿಂದ 2015ರ ನಡುವೆ ಅಳೆದದ್ದರ ಮೇಲೆ ನಿಂತಿದೆ. ಅದರಲ್ಲಿ 71 ಚೌಕ, 6.39 ಹೆಕ್ಟೇರು.

3.69 ಇದ್ದದ್ದು 6.39! ಅಂಕಿಗಳು ಅದಲುಬದಲಾದಂತೆ ಕಂಡು ಟೈಪಿಂಗ್ ತಪ್ಪಿರಬೇಕೆಂದು ಎರಡು ಸಲ ನೋಡಿದೆ. ತಪ್ಪಿರಲಿಲ್ಲ.

ಗುಡ್ಡ ಬೆಳೆದಿರಲಿಲ್ಲ

ಎರಡೂ ಎಣಿಕೆಯನ್ನು ಒಂದರ ಮೇಲೊಂದು ಹಾಸಿದಾಗ ವ್ಯತ್ಯಾಸ ಎಲ್ಲಿದೆ ಎಂಬುದು ತಾನಾಗಿ ಕಂಡಿತು. ನಡುಗುಡ್ಡದ ಕಡಿದಾದ ಪಟ್ಟಿ ಎರಡರಲ್ಲೂ ಇತ್ತು. ಕೋಪರ್ನಿಕಸ್‌ನಲ್ಲಿ ಮಾತ್ರ ತೋಪಿನ ಮೂಡಣ ಗಡಿಯ ಉದ್ದಕ್ಕೂ ಒಂದು ಕೆಂಪು ಸಾಲು ಹೊಸದಾಗಿ ಎದ್ದಿತ್ತು: ಒಂದು ಚೌಕ ಅಗಲ, 24 ಚೌಕ ಉದ್ದ, ಗಡಿರೇಖೆಯನ್ನು ಹಿಡಿದೇ ಎಳೆದಂತೆ. ಮನುಷ್ಯ ಎಳೆದ ಗಡಿಯನ್ನು ಅನುಸರಿಸಿ ಪ್ರಕೃತಿ ಗುಡ್ಡ ಕಡಿಯುವುದಿಲ್ಲ. ಅಲ್ಲಿ ಏನೋ ಇದೆ ಎನಿಸಿತು.

ದಿನಾಂಕಗಳು ಉತ್ತರ ಹೇಳಿದವು. ಎಸ್‌ಆರ್‌ಟಿಎಂ ಎಂದರೆ 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ ಹನ್ನೊಂದು ದಿನಗಳಲ್ಲಿ ಮಾಡಿದ ಅಳತೆ. ತೋಪಿನ ದಾಖಲೆ ನೋಡಿದರೆ ಅಕೇಶಿಯಾ ನೆಟ್ಟದ್ದು 2002ರ ಮಳೆಗಾಲದಲ್ಲಿ. ಎಸ್‌ಆರ್‌ಟಿಎಂ ಕಂಡದ್ದು ಬೋಳು ಗುಡ್ಡ. ಟ್ಯಾಂಡೆಮ್-ಎಕ್ಸ್ ಬರುವ ಹೊತ್ತಿಗೆ ಗಿಡಗಳಿಗೆ ಒಂಬತ್ತು ಹತ್ತು ವರ್ಷ ದಾಟಿ ತಲೆ ಹದಿನೈದು ಮೀಟರಿನ ಹತ್ತಿರಕ್ಕೆ ಹೋಗಿತ್ತು. ಗಡಿಯ ಆಚೆಗೆ ಹುಲ್ಲಿನ ಬ್ಯಾಣ. ರೇಡಾರಿನ ಆ ಸಣ್ಣ ಅಲೆಗಳು ದಟ್ಟ ಹಸಿರಿನ ಮೇಲ್ಭಾಗದಲ್ಲೇ ಬಹುಮಟ್ಟಿಗೆ ಹಿಂದಿರುಗುತ್ತವೆ, ನೆಲ ಮುಟ್ಟುವುದು ಕಡಿಮೆ. ಹಾಗಾಗಿ ಆ ಕಡತದಲ್ಲಿ ಇರುವುದು ಗುಡ್ಡ ಹೊದ್ದ ಕಂಬಳಿಯ ಎತ್ತರ. ತೋಪು ಮುಗಿದು ಬ್ಯಾಣ ಶುರುವಾಗುವಲ್ಲಿ ಕಂಬಳಿಯ ಅಂಚು ಮೆಟ್ಟಿಲಾಗಿ ನಿಂತಿತ್ತು.

ಈ ಮೆಟ್ಟಿಲು ಎಷ್ಟು ಡಿಗ್ರಿ ಕೊಡುತ್ತದೆ ಎಂದು ಬೆರಳಲ್ಲೇ ಲೆಕ್ಕ ಹಾಕಬಹುದು. ಬಹುತೇಕ ಎಲ್ಲರೂ ಬಳಸುವ ಹಾರ್ನ್ ವಿಧಾನದಲ್ಲಿ ಒಂದು ಚೌಕದ ಇಳಿಜಾರನ್ನು ಅದರ ಸುತ್ತಲಿನ ಎಂಟು ಚೌಕಗಳಿಂದ ಕಟ್ಟುತ್ತಾರೆ. ಎಡದ ಚೌಕದ ನಡುವಿನಿಂದ ಬಲದ ಚೌಕದ ನಡುವಿಗೆ 60 ಮೀಟರ್. ಆ 60 ಮೀಟರಿನಲ್ಲಿ 15 ಮೀಟರಿನ ಮೆಟ್ಟಿಲು ಬಂದರೆ 15ನ್ನು 60ರಿಂದ ಭಾಗಿಸಿ 0.25, ಅಂದರೆ 14 ಡಿಗ್ರಿ. ನೆಲ ಚಪ್ಪಟೆಯಾಗಿದ್ದರೆ ನಮ್ಮ 25ರ ಗೆರೆ ದಾಟುತ್ತಿರಲಿಲ್ಲ. ಅಲ್ಲಿ ನೆಲವೂ ಬ್ಯಾಣದ ಕಡೆಗೆ 13 ಡಿಗ್ರಿ ಇಳಿದಿದೆ, ಅದರ ಪಾಲು 0.23. ಎರಡೂ ಕೂಡಿ 0.48, ಹತ್ತಿರ ಹತ್ತಿರ 26 ಡಿಗ್ರಿ. ಮರದ ಎತ್ತರ ಕಡಿದಾದ ಗುಡ್ಡವಾಗಿ ಪಟ್ಟಿಗೆ ಸೇರಿದ್ದು ಹೀಗೆ. ಮೆಟ್ಟಿಲಿನ ಪ್ರಭಾವ ಗಡಿಯ ಆಚೆಯ ಚೌಕಗಳ ಮೇಲೂ ಬೀಳುತ್ತದೆ, ಅವು ತೋಪಿನ ಹೊರಗಿದ್ದರಿಂದ ನಮ್ಮ ಎಣಿಕೆಗೆ ಬರಲಿಲ್ಲ ಅಷ್ಟೆ.

ಇನ್ನೂ ಒಂದು ಮಾತು. ಮರ ಇಳಿಜಾರಿನ ಮೇಲ್ಗಡೆ, ಬಯಲು ಕೆಳಗಡೆ ಇದ್ದರೆ ಮೆಟ್ಟಿಲು ಕೂಡುತ್ತದೆ. ತಿರುವುಮುರುವಾದರೆ ಕಳೆಯುತ್ತದೆ. ನಿಜವಾಗಿ 27 ಡಿಗ್ರಿ ಇರುವ ಜಾಗ ಅಂಥ ಅಂಚಿನಲ್ಲಿ 15ಕ್ಕಿಂತ ಕೆಳಗೆ ಕುಸಿದು, ಅಪಾಯದ ಜಾಗ ಸಾಧುವಿನಂತೆ ಕಾಣುತ್ತದೆ. ಸುಳ್ಳು ಕಡಿದನ್ನು ಹೊತ್ತು ತರುವ ತಪ್ಪಿಗಿಂತ ಈ ತಪ್ಪು ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ, ಏಕೆಂದರೆ ಅದನ್ನು ಯಾರೂ ಹೋಗಿ ನೋಡುವುದಿಲ್ಲ.

ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2022ರಲ್ಲಿ ಕೋಪರ್ನಿಕಸ್ ಕಡತದಿಂದ ಮರಗಳನ್ನೂ ಕಟ್ಟಡಗಳನ್ನೂ ಗಣಿತದಿಂದ ಕಳೆದು ಫ್ಯಾಬ್‌ಡೆಮ್ ಎಂಬ ಕಡತ ಬಿಟ್ಟಿದ್ದಾರೆ, ವಾಣಿಜ್ಯೇತರ ಬಳಕೆಗೆ. ಅದನ್ನೂ ಹಾಕಿ ನೋಡಿದೆವು. ಮೂಡಣದ ಸಾಲು ಬಹುಪಾಲು ಮಾಯ, ಜೊತೆಗೆ ನಡುಗುಡ್ಡದ ಪಟ್ಟಿಯೂ ಅಲ್ಲಲ್ಲಿ ಸವೆದು ನುಣ್ಣಗಾಗಿತ್ತು. ಅನುಮಾನ ಗಟ್ಟಿಯಾಗಲು ಅಷ್ಟು ಸಾಕಾಯಿತು. 71ರಿಂದ 24 ಕಳೆದರೆ 47 ಚೌಕ, 4.23 ಹೆಕ್ಟೇರು. ಕಾಗದ ಅಲ್ಲಿಗೆ ಮುಗಿಯಬಹುದಿತ್ತು.

ಹಳ್ಳದ ದರೆ

ನಡೆದು ನೋಡದೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದದ್ದು ನಾನು. ಅದರಲ್ಲಿ ಜಾಣತನಕ್ಕಿಂತ ಹೆಚ್ಚಾಗಿ ಆಫೀಸಿನ ಫ್ಯಾನಿನಡಿ ಕೂತು ಬೇಸರ ಬಂದಿತ್ತು ಎನ್ನಬೇಕು. ಜನವರಿ ತಿಂಗಳು, ಜಿಗಣೆ ಇರಲಿಲ್ಲ. ಇಳಿಜಾರಿನ ಕೋನ ಅಳೆಯುವ ಒಂದು ಕ್ಲೈನೋಮೀಟರ್, 30 ಮೀಟರಿನ ಟೇಪು, ಫೋನಿನಲ್ಲಿ ನಕ್ಷೆ, ದಾರಿ ತೋರಿಸಲು ವಲಯದ ಹಳೆಯ ವಾಚರ್.

ಮೂಡಣದ ಗಡಿ ಮೊದಲು. ಹತ್ತು ಕಡೆ ಹಿಡಿದು ನೋಡಿದೆವು, 12ರಿಂದ 14 ಡಿಗ್ರಿ. ದನ ಆರಾಮಾಗಿ ಮೇಯುತ್ತಿದ್ದವು. ನಡುಗುಡ್ಡದ ಪಟ್ಟಿ ನಿಜವಾಗಿಯೂ ಕಡಿದು, 27ರಿಂದ 33ರ ತನಕ; ಮರ ಹಿಡಿದುಕೊಂಡೇ ಇಳಿಯಬೇಕು. ಕ್ಲೈನೋಮೀಟರ್ ಹಿಡಿಯುವಾಗ ಒಂದು ಎಚ್ಚರ: ಎದುರಿಗಿರುವವನ ಪಾದ ನೋಡಿ ಅಳೆದರೆ ತಪ್ಪು ಬರುತ್ತದೆ, ನಿಮ್ಮ ಕಣ್ಣಿನ ಮಟ್ಟದಷ್ಟೇ ಎತ್ತರದಲ್ಲಿ ಆತನ ಮೇಲೆ ಗುರುತು ಇಟ್ಟುಕೊಂಡು ಅದನ್ನು ನೋಡಬೇಕು. ಹುಡುಗ ನನಗಿಂತ ಉದ್ದ, ಅವನ ಗಲ್ಲ ನನಗೆ ಗುರುತಾಯಿತು.

ಹಿಂದಿರುಗಲು ಹೊರಟಾಗ ವಾಚರ್ ಕೇಳಿದರು, "ಹಳ್ಳದ್ ಬದಿ ನೋಡದಿಲ್ವಾ ಸಾರ್? ದರೆ ಇರೋದು ಅಲ್ಲೇ ಅಲ್ವಾ?"

ನಕ್ಷೆ ತೆಗೆದು ನೋಡಿದೆ. ತೋಪಿನ ಕೆಳಮೂಲೆ ಪೂರ್ತಿ ಹಸಿರು, ಎಂಟೊಂಬತ್ತು ಡಿಗ್ರಿ. ಮೂರೂ ಕಡತಗಳು ಅಲ್ಲಿ ಒಂದೇ ಮಾತು ಹೇಳಿದ್ದವು. "ಅಲ್ಲಿ ಸಪಾಟು ಇದೆಯಂತಲ್ಲ" ಎಂದೆ.

"ಸಪಾಟಾ? ಹೋದ್ವರ್ಷ ಕಾಟಿ ಬಿದ್ದು ಸತ್ತಿದ್ದು ಅಲ್ಲೇ ಮಾರಾಯ್ರೆ."

ಕಾಟಿ ಎಂದರೆ ಕಾಡುಕೋಣ. ಹೋದೆವು. ಕುರುಚಲು ಸರಿಸಿದ ಕೂಡಲೇ ನೆಲ ಮುಗಿದಿತ್ತು. ಕೆಳಗೆ ಹದಿನೈದು ಮೀಟರ್ ಆಳದಲ್ಲಿ ಹಳ್ಳ, ಎರಡೂ ಕಡೆ ದರೆ. ಟೇಪನ್ನು ದರೆಯ ಮೈಗುಂಟ ಇಳಿಬಿಟ್ಟರೆ 25 ಮೀಟರ್, ಕ್ಲೈನೋಮೀಟರಿನಲ್ಲಿ 37 ಡಿಗ್ರಿ. ಇಂಥದ್ದು ತೋಪಿನೊಳಗೆ 280 ಮೀಟರ್ ಉದ್ದಕ್ಕೆ ಓಡುತ್ತದೆ. ಟ್ರೆಂಚ್ ಹೊಡೆಯಲು ಜೆಸಿಬಿ ಬಂದಿದ್ದರೆ ನಮ್ಮ ಹಸಿರು ನಕ್ಷೆ ಹಿಡಿದು ದರೆಯ ತುದಿಯ ತನಕ ಬರುತ್ತಿತ್ತು.

ಇದು ಯಾಕೆ ಕಾಣಲಿಲ್ಲ? ಮತ್ತೆ ಅದೇ 60 ಮೀಟರ್. 15 ಮೀಟರ್ ಇಳಿತ, 20 ಮೀಟರ್ ಅಡ್ಡ ದೂರ, ನಿಜದ ಇಳಿಜಾರು 37 ಡಿಗ್ರಿ. 30 ಮೀಟರಿನ ಚೌಕಗಳ ಕಣ್ಣಿಗೆ ಆ ಇಳಿತ 60 ಮೀಟರಿಗೆ ಹರಡಿಹೋಗಿ 14 ಡಿಗ್ರಿ ಆಗುತ್ತದೆ. ಮೂಡಣದ ಗಡಿಯಲ್ಲಿ ಮರದ ಮೆಟ್ಟಿಲು ಕೊಟ್ಟದ್ದೂ ಇದೇ 14. ಹದಿನೈದು ಮೀಟರಿನ ಮರ, ಹದಿನೈದು ಮೀಟರಿನ ದರೆ ಎರಡೂ ಆ ಚೌಕಗಳಿಗೆ ಒಂದೇ. ಸಾಲದ್ದಕ್ಕೆ ಇಲ್ಲಿ ದರೆಗಳು ಎದುರುಬದುರು. ಒಂದರ ಇಳಿತವನ್ನು ಇನ್ನೊಂದರ ಏರು ನುಂಗಿಹಾಕಿ 14 ಕೂಡ ಉಳಿಯಲಿಲ್ಲ. ಮೇಲಿನಿಂದ ಮರಗಳ ಕೊಂಬೆ ಹಳ್ಳದ ಬಾಯಿ ಮುಚ್ಚಿತ್ತು.

ಸರ್ವೆ ಆಫ್ ಇಂಡಿಯಾದ 1:50,000ದ ಹಾಳೆ ಕಾಪಾಡುತ್ತಿತ್ತೇ ಎಂದು ಬಂದ ಮೇಲೆ ತೆರೆದು ನೋಡಿದೆ. ಗುಡ್ಡಸೀಮೆಯಲ್ಲಿ ಅದರ ಸಮೋನ್ನತ ರೇಖೆಗಳು 20 ಮೀಟರಿಗೊಂದು. 25 ಡಿಗ್ರಿ ಇಳಿಜಾರಿನಲ್ಲಿ ಎರಡು ರೇಖೆಗಳ ನಡುವೆ ನೆಲದ ಮೇಲೆ 43 ಮೀಟರ್, ಕಾಗದದ ಮೇಲೆ ಒಂದು ಮಿಲಿಮೀಟರಿಗೂ ಕಮ್ಮಿ. ಹದಿನೈದು ಮೀಟರಿನ ಹಳ್ಳ ಎರಡು ರೇಖೆಗಳ ನಡುವೆ ಜಾರಿ ತಪ್ಪಿಸಿಕೊಂಡುಬಿಡಬಹುದು, ಇಲ್ಲಿ ತಪ್ಪಿಸಿಕೊಂಡಿತ್ತು. ಎಲೆಗಳ ಸಂದಿಯಿಂದ ಲೇಸರ್ ಬೆಳಕು ಬಿಟ್ಟು ನೆಲ ಮುಟ್ಟುವ ಲಿಡಾರ್ ಇದ್ದಿದ್ದರೆ ಮೊದಲ ದಿನವೇ ಸಿಕ್ಕುತ್ತಿತ್ತು. ಅಂಥ ಅಳತೆ ಈ ವಲಯಕ್ಕೆ ನಮ್ಮ ಕೈಯಲ್ಲಿ ಇರಲಿಲ್ಲ, ವಾಚರ್ ಇದ್ದರು.

ಟೇಪಿನ ಹೆಕ್ಟೇರು, ನಕ್ಷೆಯ ಹೆಕ್ಟೇರು

ದರೆಯ ವಿಸ್ತೀರ್ಣ ಎಷ್ಟು ಎಂಬುದಕ್ಕೆ ಅವತ್ತು ಸಂಜೆ ಸಣ್ಣ ಜಗಳ ನಡೆಯಿತು. ಟೇಪಿನ 25 ಮೀಟರನ್ನು 280ರಿಂದ ಗುಣಿಸಿ ಎರಡು ಬದಿಗೆ ಹುಡುಗ ಬರೆದದ್ದು 1.40 ಹೆಕ್ಟೇರು. ನಾನು ಬರೆದದ್ದು 1.12. ಹದಿನೈದು, ಇಪ್ಪತ್ತು, ಇಪ್ಪತ್ತೈದು: ಶಾಲೆಯಲ್ಲಿ ಕಲಿತ ಮೂರು-ನಾಲ್ಕು-ಐದರ ತ್ರಿಕೋನವೇ ಗುಡ್ಡದಲ್ಲಿ ನಿಂತಿತ್ತು. ದರೆಯ ಮೈ 25 ಮೀಟರ್, ಅದರ ನೆರಳು ನಕ್ಷೆಯ ಮೇಲೆ 20.

ಅರಣ್ಯದ ದಾಖಲೆಗಳಲ್ಲಿರುವ ಹೆಕ್ಟೇರು ನಕ್ಷೆಯ ಹೆಕ್ಟೇರು, ಆ ನೆರಳಿನ ಅಳತೆ. ಗಡಿಯ ಶೇಪ್‌ಫೈಲ್ 36 ಎನ್ನುವುದೂ ಅದನ್ನೇ. ಹಾಗಾಗಿ ಕಡಿದಾದ ಭಾಗವನ್ನೂ ಅದೇ ಅಳತೆಯಲ್ಲಿ ಹೇಳಬೇಕು, ಇಲ್ಲದಿದ್ದರೆ ಭಾಗಗಳನ್ನು ಕೂಡಿದಾಗ 36ಕ್ಕಿಂತ ಹೆಚ್ಚು ಬಂದು ಲೆಕ್ಕ ತಪಾಸಣೆಯವರಿಗೆ ಹಬ್ಬ. ಮೈ ಅಳತೆ ಬೇಕಾಗುವ ಸಂದರ್ಭ ಬೇರೆ ಇದೆ. ಗುಂಡಿ ತೆಗೆಯುವ ಗುತ್ತಿಗೆದಾರನ ಆಳುಗಳು ಹಗ್ಗವನ್ನು ನೆಲದ ಮೈಗುಂಟ ಹಿಡಿದು ಗುರುತು ಹಾಕುತ್ತಾರೆ. ಎರಡು ಮೀಟರಿಗೊಂದರಂತೆ ಹೆಕ್ಟೇರಿಗೆ 2500 ಗುಂಡಿ ಎಂದು ಅಂದಾಜುಪಟ್ಟಿ ಇದ್ದರೆ, 20 ಡಿಗ್ರಿ ಇಳಿಜಾರಿನಲ್ಲಿ ನಿಜವಾಗಿ ಹಿಡಿಸುವುದು 2660. ಆ ನೂರರವತ್ತು ಗುಂಡಿಗಳ ಬಗ್ಗೆ ಹಿಂದೊಮ್ಮೆ ಇನ್ನೊಂದು ಕಡೆ ದೊಡ್ಡ ರಂಪವಾದದ್ದು ನನಗೆ ನೆನಪಿದೆ. ಆತ ಸುಳ್ಳು ಬಿಲ್ಲು ಮಾಡಿರಲಿಲ್ಲ, ಗುಡ್ಡ ಓರೆಯಾಗಿತ್ತು ಅಷ್ಟೆ.

ಅಂಚು, ಪುಡಿ ಚೌಕ, ಸರಿದ ಗಡಿ

ಉಳಿದ ಚಿಲ್ಲರೆ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. 30 ಮೀಟರಿನ ಚೌಕಗಳು ತೋಪಿನ ಗಡಿಯನ್ನು ನೋಡಿ ನಡೆಯುವುದಿಲ್ಲ. ಅರ್ಧ ಒಳಗೆ ಅರ್ಧ ಹೊರಗೆ ಇರುವ ಚೌಕದ ನಡುಬಿಂದು ಒಳಗಿದ್ದರೆ ಪೂರ್ತಿ ಎಣಿಸುವುದು ಸಾಮಾನ್ಯ ರೂಢಿ. ದೊಡ್ಡ ತೋಪಿನಲ್ಲಿ ಹೆಚ್ಚುಕಮ್ಮಿ ಸರಿದೂಗುತ್ತದೆ, ಅಂಕುಡೊಂಕಾದ ಸಣ್ಣ ತೋಪಿನಲ್ಲಿ ದೂಗುವುದಿಲ್ಲ. ಇಳಿಜಾರಿನ ತರಗತಿಗಳನ್ನು ಪಾಲಿಗನ್ (ಗಡಿಗೆರೆಯಿರುವ ಆಕೃತಿ) ಮಾಡಿ ಗಡಿಯಿಂದ ಕತ್ತರಿಸಿ ವಿಸ್ತೀರ್ಣ ತೆಗೆದೆವು. ಒಂಟಿ ಕೆಂಪು ಚೌಕಗಳನ್ನು, ನೆಲದ ಮೇಲೆ ಯಾರೂ ಗುರುತಿಸಲಾಗದ 900 ಚದರ ಮೀಟರಿನ ಚುಕ್ಕೆಗಳನ್ನು, ಜರಡಿ ಹಿಡಿದು ತೆಗೆದೆವು. ಜರಡಿ ಮೊದಲು, ಕತ್ತರಿ ಆಮೇಲೆ. ತಿರುವುಮುರುವು ಮಾಡಿದರೆ ಎರಡು ತೋಪುಗಳಿಗೆ ಹಂಚಿಹೋದ ಒಂದೇ ಕಡಿದಾದ ಪಟ್ಟಿ ಎರಡೂ ಕಡೆ ಸಣ್ಣ ಚೂರಾಗಿ ಜರಡಿಯಲ್ಲಿ ಉದುರಿಹೋಗುತ್ತದೆ.

ಎರಡನೇ ತೋಪಿನಲ್ಲಿ ಇನ್ನೊಂದು ಎಡವಟ್ಟು ಸಿಕ್ಕಿತು. ಶೇಪ್‌ಫೈಲಿನ ಗಡಿ ಒಂದು ಹಳ್ಳವನ್ನು ಹಿಡಿದು ಹೋಗಬೇಕು ಎಂದು ದಾಖಲೆ ಹೇಳುತ್ತದೆ. ನಕ್ಷೆಯಲ್ಲಿ ಅದು ಪಕ್ಕದ ಏಣಿನ ಮೇಲೆ ಹತ್ತಿ ಕೂತಿತ್ತು. ಅಕ್ಷಾಂಶ ರೇಖಾಂಶ ಗುರುತಿಸುವ ಹಳೆಯ ಎವರೆಸ್ಟ್ ಮಾನದ ಹಾಳೆಯಿಂದ ಗಡಿ ಎಳೆದವರು ಅದನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಮಾನಕ್ಕೆ ಬದಲಿಸದೆ ಹೆಸರು ಮಾತ್ರ ಬದಲಿಸಿದ್ದರು, ಗಡಿ ಪೂರ್ತಿ ನೂರು ಮೀಟರಿಗೂ ಹೆಚ್ಚು ಸರಿದಿತ್ತು. ಇಳಿಜಾರಿನ ಲೆಕ್ಕ ಎಷ್ಟು ನಾಜೂಕಾಗಿದ್ದರೇನು, ಬೇರೆ ಗುಡ್ಡದ್ದನ್ನು ಅಳೆದಂತಾಗುತ್ತದೆ. ಎತ್ತರದ ಕಡತದಿಂದ ಹಳ್ಳಗಳ ಜಾಡು ತೆಗೆದು ಗಡಿಯ ಮೇಲೆ ಹಾಸಿ ನೋಡುವುದು ಇದನ್ನು ಹಿಡಿಯುವ ಸುಲಭ ಉಪಾಯ.

ಕೊನೆಯ ಅಂಕಿ

ನಾಲ್ಕನೇ ತೋಪಿಗೆ ಕೊನೆಗೆ ಬಂದದ್ದು: ನಡುಗುಡ್ಡ 4.23, ದರೆಗಳು 1.12, ಒಟ್ಟು 5.35 ಹೆಕ್ಟೇರು. ದರೆಯ ತಲೆಯ ಮೇಲೂ ಯಂತ್ರ ಬರಬಾರದೆಂದು ಎರಡು ಬದಿಗೆ ಹತ್ತು ಹತ್ತು ಮೀಟರ್ ಬಿಟ್ಟೆವು, ಅದು 0.56. ಕೈಹಚ್ಚಬಾರದ ಜಾಗ 5.91 ಹೆಕ್ಟೇರು.

ಹುಡುಗ ಅದನ್ನು ನೋಡಿ ಸಪ್ಪಗಾದ. "ಕೋಪರ್ನಿಕಸ್ 6.39 ಅಂದಿತ್ತು ಸರ್. ಅರ್ಧ ಹೆಕ್ಟೇರಿನ ವ್ಯತ್ಯಾಸಕ್ಕೆ ಇಷ್ಟೆಲ್ಲ ನಡೆದ್ವಾ?"

ಅವನ ಮಾತು ಸುಳ್ಳಲ್ಲ. ನಮೂನೆಯ ಚೌಕದಲ್ಲಿ 6.39 ಬರೆದಿದ್ದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆ 6.39ರಲ್ಲಿ ದನ ಮೇಯುವ 2.16 ಹೆಕ್ಟೇರು ಸೇರಿತ್ತು, ಕಾಟಿ ಬಿದ್ದ ದರೆ ಸೇರಿರಲಿಲ್ಲ. ಎರಡು ತಪ್ಪು ಒಂದನ್ನೊಂದು ಬಹುಮಟ್ಟಿಗೆ ತೀರಿಸಿಕೊಂಡು ಮೊತ್ತವನ್ನು ಸಭ್ಯವಾಗಿಸಿದ್ದವು. ಅರವತ್ತು ಸಾವಿರ ಹೆಕ್ಟೇರಿನ ಒಂದು ವಿಭಾಗಕ್ಕೆ ಒಟ್ಟು ಅಂಕಿ ಹೇಳುವುದಾದರೆ ಇಂಥ ಕೂಡುಕಳೆ ನಡೆಯುತ್ತದೆ. ಒಂದು ತೋಪಿನಲ್ಲಿ ಜೆಸಿಬಿ ಎಲ್ಲಿ ನಿಲ್ಲಬೇಕು ಎಂದು ಹೇಳಬೇಕಾದಾಗ ನಡೆಯುವುದಿಲ್ಲ.

ನಕ್ಷೆಯಲ್ಲಿ ನಾವು ಮೂರು ಬಣ್ಣ ಇಟ್ಟೆವು: ನಡೆದು ನೋಡಿ ಕಡಿದು ಎಂದು ಖಾತ್ರಿಯಾದದ್ದು, ನಡೆದು ನೋಡಿ ಅಲ್ಲ ಎಂದು ಬಿಟ್ಟದ್ದು, ಚೌಕ ಎಣಿಸಿದ್ದು ಮಾತ್ರ. ಎಲ್ಲ ಹಳ್ಳಗಳಿಗೂ ಎರಡು ಬದಿ 50 ಮೀಟರ್ ಪಟ್ಟಿ ಎಳೆದು, ಇಳಿಜಾರು ಎಷ್ಟೇ ಕಡಿಮೆ ಕಂಡರೂ ಗುದ್ದಲಿ ಇಡುವ ಮೊದಲು ಅಲ್ಲಿ ಯಾರಾದರೂ ಹೋಗಿ ಬರಬೇಕು ಎಂದು ಷರಾ ಬರೆದೆವು. ದುಡ್ಡೂ ದಿನವೂ ಇದ್ದದ್ದು ಎರಡು ತೋಪು ನಡೆಯಲು ಮಾತ್ರ. ಉಳಿದ ನಾಲ್ಕು ಮೂರನೇ ಬಣ್ಣದಲ್ಲೇ ಹೋದವು.

ನಮೂನೆಯಲ್ಲಿ ಷರಾಕ್ಕೆ ಜಾಗ ಇರಲಿಲ್ಲ. ಚೌಕದಲ್ಲಿ 5.91 ಎಂದು ಬರೆದು, ಅಂಚಿನಲ್ಲಿ ಪೆನ್ನಿನಿಂದ ಒಂದು ನಕ್ಷತ್ರ ಹಾಕಿ, ಹಾಳೆಯ ಹಿಂಬದಿಗೆ ಹಳ್ಳದ ದರೆಯ ಚಿತ್ರ ಅಂಟಿಸಿ ಕಳಿಸಿದೆ. ವಾರ ಬಿಟ್ಟು ಕಚೇರಿಯಿಂದ ಗುಮಾಸ್ತರ ಫೋನು ಬಂತು: "ನಕ್ಷತ್ರ ಹಾಕಿದ್ದೀರಲ್ಲ, ಅದನ್ನ ಕಂಪ್ಯೂಟರಿಗೆ ಎಲ್ಲಿ ತುಂಬ್ಲಿ?"